ಮುಯ್ಯಿ, ಸೇವೆ, ಬಿಟ್ಟಿ

ಹಾನಗಲ್ಲ ಕುಮಾರ ಸ್ವಾಮಿಗಳು ಬಾದಾಮಿ ತಾಲ್ಲೂಕಿನ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರ ಸ್ಥಾಪಿಸಿದ್ದು 1909ರಲ್ಲಿ. ಜಾಗ ಗೊತ್ತುಮಾಡುವಲ್ಲಿ ಇಳಕಲ್ಲಿನ ವಿಜಯ ಮಹಾಂತ ಶಿವಯೋಗಿಗಳ ಮಾತು ನಡೆಯಿತೆಂದು ಈ ಭಾಗದ ಭಕ್ತರು ಇಂದಿಗೂ ಹೇಳುತ್ತಾರೆ. ಮಠಗಳಿಗೆ ಓದು, ಯೋಗ, ಆಚಾರ ಮೂರೂ ಬಲ್ಲ ಮರಿಸ್ವಾಮಿಗಳನ್ನು ತಯಾರು ಮಾಡಬೇಕೆಂಬುದು ಸ್ವಾಮಿಗಳ ಉದ್ದೇಶ. ಅದಕ್ಕೆ ಊರಿನ ಗದ್ದಲದಿಂದ ದೂರದ ಜಾಗ ಬೇಕಿತ್ತು. ದೂರ ಇದ್ದ ಮೇಲೆ ಅನ್ನಕ್ಕೂ ಹಾಲಿಗೂ ಅಲ್ಲಿಯೇ ದಾರಿ ಆಗಬೇಕಲ್ಲ! ಹೀಗೆ ಓದಿನ ಜೊತೆಗೆ ಗೋಶಾಲೆ ಬಂತು, ಹೊಲ ಬಂತು, ಸುತ್ತಲಿನ ಹಳ್ಳಿಗಳಿಂದ ಕಾಳುಕಡಿಯ ಭಿಕ್ಷೆ ಬಂತು.

ಮರುವರ್ಷ, 1910ರಲ್ಲಿ, ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್ ಹತ್ತಿರ ಗಾಂಧೀಜಿ ತಮ್ಮ ಗೆಳೆಯ ಕಾಲನ್‌ಬಾಕ್ ಕೊಟ್ಟ ಜಮೀನಿನಲ್ಲಿ ಟಾಲ್‌ಸ್ಟಾಯ್ ಫಾರ್ಮ್ ತೆರೆದರು. ಅದೇ ವರ್ಷ ಪ್ಯಾಲೆಸ್ತೀನಿನಲ್ಲಿ ಯಹೂದಿ ತರುಣರು ದೆಗಾನಿಯ ಎಂಬ ಮೊದಲ ಕಿಬ್ಬುತ್ಸ್ ಕಟ್ಟಿದರು. ಒಬ್ಬರಿಗೆ ಧರ್ಮ, ಇನ್ನೊಬ್ಬರಿಗೆ ಸತ್ಯಾಗ್ರಹ, ಮತ್ತೊಬ್ಬರಿಗೆ ನೆಲೆ. ಗುರಿ ಬೇರೆಯಾದರೂ ಮೂರೂ ಕಡೆ ಜನ ಒಂದು ವಿಚಾರಕ್ಕಾಗಿ ಕೂಡಿ ಬಾಳಲು ಬಂದು, ಮಣ್ಣಿಗೆ ಕೈ ಹಚ್ಚಿದರು. ಇಂದು ನಗರದ ಹುಡುಗ ಹುಡುಗಿಯರು ಸಾವಯವ ತೋಟಗಳಲ್ಲಿ ನಾಲ್ಕು ವಾರ ಇದ್ದು, ಊಟ ವಸತಿಗೆ ಬದಲಾಗಿ ಅರ್ಧ ದಿನ ದುಡಿದು ಬರುವ ರೂಢಿಯನ್ನು ಹೊಸದೆಂದು ಬರೆಯಲಾಗುತ್ತಿದೆ. ಬಾಗಲಕೋಟೆ ಸೀಮೆಯಲ್ಲಿ ನಿಂತು ನೋಡಿದರೆ ಅದು ಅಷ್ಟು ಹೊಸದಲ್ಲ. ಅಷ್ಟೇನೂ ಸರಳವೂ ಅಲ್ಲ.

ಶಿವಯೋಗಮಂದಿರದ ಹೆಸರು ಈ ಭಾಗದ ಮನೆಮನೆಗೆ ತಲುಪಿದ್ದು ವಿಭೂತಿಯಿಂದ. ಅದು ತಯಾರಾಗುವ ಕ್ರಮ ನೋಡಿದರೆ ಗೋಶಾಲೆಗೂ ಹಣೆಗೂ ಇರುವ ನಂಟು ತಿಳಿಯುತ್ತದೆ. ಆಕಳ ಸೆಗಣಿಯನ್ನು ಕಸಕಡ್ಡಿ ಸೇರದಂತೆ ಎತ್ತಿ, ಉಂಡೆ ಕಟ್ಟಿ, ಬಿಸಿಲಿಗೆ ಒಣಗಿಸುತ್ತಾರೆ. ಒಣಗಿದ್ದನ್ನು ಸುಟ್ಟು ಬೂದಿ ಮಾಡುತ್ತಾರೆ. ಬೂದಿಯನ್ನು ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿ, ತಳಕ್ಕಿಳಿದ ನುಣುಪು ಗಸಿಯನ್ನು ಮಾತ್ರ ತೆಗೆದು ಗಟ್ಟಿ ಮಾಡಿ ಮತ್ತೆ ಒಣಗಿಸುತ್ತಾರೆ. ಒಂದು ಗಟ್ಟಿ ಕೈಗೆ ಬರುವಷ್ಟರಲ್ಲಿ ಎಷ್ಟು ಬಾಗುವುದು, ಎಷ್ಟು ಕಾಯುವುದು! ಮಳೆಗಾಲದಲ್ಲಿ ಆ ಕೆಲಸ ಸಾಗದು. ಮಠದ ವಟುಗಳಿಗೆ ಗೋಸೇವೆ ಪಾಠದ ಹೊರಗಿನ ದುಡಿಮೆಯಲ್ಲ, ಪಾಠದ ಭಾಗವೇ. ಮುಂದೆ ಗದುಗಿನಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಹೆಸರಾದ ಪಂಚಾಕ್ಷರಿ ಗವಾಯಿಗಳು ಎಳೆತನದಲ್ಲಿ ಆಸರೆ ಪಡೆದದ್ದೂ ಕುಮಾರ ಸ್ವಾಮಿಗಳಲ್ಲೇ. ದುಡಿದವರಿಗೆ ಮಠ ತಿರುಗಿ ಕೊಟ್ಟದ್ದು ಅನ್ನವನ್ನಷ್ಟೇ ಅಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮಠದ ಹೊರಗೆ, ಹೊಲದಲ್ಲಿ, ಇನ್ನೊಂದು ಏರ್ಪಾಡಿತ್ತು. ಅದು ಮುಯ್ಯಿ. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ರೊಕ್ಕ ಕೈ ಬದಲಾಗುವುದಿಲ್ಲ, ಬುತ್ತಿ ಮಾತ್ರ ಹೊಲದವರದು. ಒಂದೇ ಎತ್ತಿದ್ದವರು ಇನ್ನೊಬ್ಬ ಒಂದೆತ್ತಿನವರ ಜೊತೆ ಕೂಡಿ ಜೋಡಿ ಕಟ್ಟುತ್ತಿದ್ದರು. ಜೋಡೆತ್ತಿನ ಒಂದು ದಿನಕ್ಕೆ ಆಳಿನ ಎಷ್ಟು ದಿನ ಎಂಬ ಲೆಕ್ಕ ಊರಿಂದೂರಿಗೆ ಬೇರೆ. ಬರೆದಿಟ್ಟವರು ಯಾರೂ ಇಲ್ಲ, ಮರೆತವರೂ ಇಲ್ಲ.

ಇದು ಒಳ್ಳೆಯತನದಿಂದಷ್ಟೇ ಹುಟ್ಟಿದ್ದಲ್ಲ. ಬಾಗಲಕೋಟೆ, ಹುನಗುಂದದ ಕಡೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಎರೆಮಣ್ಣು ನೀರು ಕುಡಿದಾಗ ಕಾಲಿಡಗೊಡುವುದಿಲ್ಲ, ಒಣಗಿದರೆ ಬಾಯಿ ಬಿಡುತ್ತದೆ. ನಡುವಿನ ಹದ ನಾಲ್ಕೈದು ದಿನ ಸಿಕ್ಕರೆ ಪುಣ್ಯ. ಹಿಂಗಾರಿ ಜೋಳ, ಕಡಲೆ, ಕುಸುಬೆ ಬಿತ್ತುವ ಕೂರಿಗೆಗಳೆಲ್ಲ ಆ ದಿನಗಳಲ್ಲೇ ಸಾಗಬೇಕು. ಒಂದು ಮನೆಯ ಕೈಗಳು ಅದಕ್ಕೆ ಸಾಲವು. ಮುಯ್ಯಾಳನ್ನು ಕೂಡಿಸಿದ್ದು ಈ ಹದ.

ಕುಸುಬೆಯ ಕೊಯ್ಲನ್ನೇ ನೋಡಿ. ಗಿಡ ಒಣಗಿದ ಮೇಲೆ ಎಲೆಯ ಅಂಚು, ಕಾಯಿಯ ಸುತ್ತ ಎಲ್ಲ ಮುಳ್ಳು. ಬಿಸಿಲೇರಿದರೆ ಕೈಹಾಕಲಾಗದು, ಕಾಳೂ ಉದುರುತ್ತದೆ. ಅದಕ್ಕೇ ನಸುಕಿನಲ್ಲಿ, ಇಬ್ಬನಿಗೆ ಮುಳ್ಳು ಮೆತ್ತಗಾಗಿರುವಾಗ, ಕೈಗೆ ಅರಿವೆ ಸುತ್ತಿಕೊಂಡು ಹೊಲಕ್ಕಿಳಿಯಬೇಕು. ಹೊತ್ತು ಏರುವುದರೊಳಗೆ ಮುಗಿಸಬೇಕು. ‘ಕುಸುಬಿ ಹೊಲಕ್ಕ ಹೊತ್ತು ಏರಿದ ಮ್ಯಾಲ ಬಂದಾಂವ ಕೆಲಸಕ್ಕ ಬಂದಾಂವಲ್ಲ, ಊಟಕ್ಕ ಬಂದಾಂವ’ ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಒಳ್ಳೆಯ ಮನಸ್ಸಿನಿಂದ ದೂರದಿಂದ ಬರುವ ಸ್ವಯಂಸೇವಕರಿಗೆ ನಾನು ಮೊದಲು ಹೇಳಬಯಸುವ ಮಾತೂ ಇದೇ. ಹೊಲಕ್ಕೆ ಬೇಕಾದ್ದು ಅದರ ಹೊತ್ತಿಗೆ ಒದಗುವ ಕೈ. ನಮಗೆ ಬಿಡುವಾದಾಗ ಚಾಚುವ ಕೈಯಿಂದ ಕುಸುಬೆ ಮನೆ ಸೇರುವುದಿಲ್ಲ.

ಮುಯ್ಯಿಯನ್ನು ಹೊಗಳಿ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಮುಯ್ಯಿ ನಡೆಯುತ್ತಿದ್ದದ್ದು ಹೊಲ ಇದ್ದವರ ನಡುವೆ. ತಿರುಗಿ ದುಡಿಸಿಕೊಳ್ಳಲು ಹೊಲವೇ ಇಲ್ಲದವರಿಗೆ ಎಲ್ಲಿಯ ಮುಯ್ಯಿ? ಅವರ ಪಾಲಿಗೆ ಕೂಲಿಯಿಲ್ಲದ ದುಡಿಮೆಯೆಂದರೆ ಬಿಟ್ಟಿ ಚಾಕರಿ, ಸಾಲಕ್ಕೆ ಕಟ್ಟಿಬಿದ್ದ ಜೀತ. ದಲಿತ ಕೇರಿಗಳಲ್ಲಿ ಆ ನೆನಪು ಅಜ್ಜ ಅಜ್ಜಿಯರ ಕಾಲದ್ದು ಮಾತ್ರವಲ್ಲ. ಜೀತವನ್ನು ರದ್ದು ಮಾಡಿದ ಕಾಯ್ದೆ ಬಂದದ್ದು 1976ರಲ್ಲಿ. ಹಾಗಾಗಿ ‘ಕೂಲಿ ಬೇಡ, ಸುಮ್ಮನೆ ದುಡಿಯುತ್ತೇವೆ’ ಎನ್ನುವ ಮಾತು ಈ ನೆಲದಲ್ಲಿ ಎಲ್ಲರ ಕಿವಿಗೂ ಒಂದೇ ತೆರನಾಗಿ ಕೇಳಿಸದು. ಬೇಡವೆನ್ನುವ ಅನುಕೂಲ ಇದ್ದವನಿಗೆ ಅದು ಸೇವೆ. ಕೇಳುವ ಬಾಯಿಯೇ ಇಲ್ಲದಿದ್ದವಳಿಗೆ ಅದು ಬದುಕಿನುದ್ದಕ್ಕೂ ಕಂಡ ಅನ್ಯಾಯ.

ಸೇವೆಗೂ ಬಿಟ್ಟಿಗೂ ಇರುವ ಈ ಅಂತರವನ್ನು ಎಂಟು ನೂರು ವರ್ಷಗಳ ಹಿಂದೆಯೇ ಕಂಡುಕೊಂಡ ಸಮುದಾಯವೊಂದಕ್ಕೆ ನಮ್ಮದೇ ಹೊಳೆಯ ದಂಡೆಯ ನಂಟಿತ್ತು. ಬಸವಣ್ಣನವರು ಬೆಳೆದದ್ದು ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ, ಮಲಪ್ರಭೆ ಕೃಷ್ಣೆಯನ್ನು ಕೂಡುವಲ್ಲಿ. ಮುಂದೆ ಕಲ್ಯಾಣದಲ್ಲಿ ನೆರೆದ ಶರಣರು ದುಡಿಮೆಯನ್ನು ಕಾಯಕವೆಂದರು. ಅದರ ಫಲವನ್ನು ಎಲ್ಲರೊಡನೆ ಉಣ್ಣುವುದನ್ನು ದಾಸೋಹವೆಂದರು. ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ಗೊತ್ತು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದವನು ಒಂದು ದಿನ ಹೆಚ್ಚಿಗೆ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಪ್ಪದೆ, ಇದ್ದಲ್ಲಿಯೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ಕೂಡಿ ಬಾಳುವ ಯಾವ ಸಮುದಾಯಕ್ಕೂ ಲಕ್ಕಮ್ಮನಂಥ ಒಬ್ಬಳು ಬೇಕು. ಯಾರ ದುಡಿಮೆ ಎಷ್ಟು, ಯಾರ ಪಾಲು ಎಷ್ಟು ಎಂದು ಕೇಳುವವರಿಲ್ಲದ ಕಡೆ ಸೇವೆ ಬಿಟ್ಟಿಯಾಗಲು ಬಹಳ ದಿನ ಹಿಡಿಯುವುದಿಲ್ಲ.

ಸ್ವಾತಂತ್ರ್ಯದ ನಂತರ ಶ್ರಮದಾನ ಸರ್ಕಾರದ ಮಾತಾಯಿತು. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಬಂದು, ಕಾಲೇಜು ಹುಡುಗರು ವಾರದ ಶಿಬಿರಕ್ಕೆ ಹಳ್ಳಿಗೆ ಬರುವುದು ರೂಢಿಯಾಯಿತು. ಎರಡು ವರ್ಷದ ಮೇಲೆ, 1971ರಲ್ಲಿ, ಲಂಡನ್ನಿನ ಸೂ ಕೊಪಾರ್ಡ್ ಎಂಬ ಕಚೇರಿ ಕಾರ್ಯದರ್ಶಿ ವಾರಾಂತ್ಯಕ್ಕೆ ಸಾವಯವ ತೋಟದಲ್ಲಿ ದುಡಿಯುವ ಏರ್ಪಾಡೊಂದನ್ನು ಶುರುಮಾಡಿದಳು. ಇಂದು ಜಗತ್ತಿನ ತುಂಬ ಹಬ್ಬಿರುವ ವೂಫ್ ಅದೇ. ನಮ್ಮಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಮೇಲುಕೋಟೆಯಲ್ಲಿ ಜನಪದ ಸೇವಾ ಟ್ರಸ್ಟ್ ಕಟ್ಟಿ ಖಾದಿ, ಅನಾಥ ಮಕ್ಕಳ ಆರೈಕೆಗಳನ್ನು ಒಂದೇ ಬದುಕಾಗಿ ನಡೆಸಿದರು. ಅವರ ಮಗ ಸಂತೋಷ ಕೌಲಗಿ ಜಪಾನಿನ ಸಹಜ ಕೃಷಿಕ ಫುಕುವೋಕಾರ ಪುಸ್ತಕವನ್ನು ಕನ್ನಡಕ್ಕೆ ತಂದರು. 2019ರಲ್ಲಿ ತೀರಿಕೊಂಡ ದೊಡ್ಡಬಳ್ಳಾಪುರ ಕಡೆಯ ಎಲ್. ನಾರಾಯಣ ರೆಡ್ಡಿಯವರ ತೋಟಕ್ಕೆ ಕಲಿಯಲೆಂದು ದೇಶವಿದೇಶಗಳಿಂದ ಜನ ಬರುತ್ತಿದ್ದರು. ರಾಜ್ಯ ಸರ್ಕಾರ ಸಾವಯವ ಕೃಷಿ ನೀತಿ ತಂದದ್ದು 2004ರಲ್ಲಿ.

ಇದೇ ಹೊತ್ತಿಗೆ ನಮ್ಮ ಸೀಮೆಯ ಮುಯ್ಯಿ ಕರಗುತ್ತಿತ್ತು. ಆಲಮಟ್ಟಿಯ ಹಿನ್ನೀರು ಬಾಗಲಕೋಟೆಯ ಸುತ್ತ ಹೊಲಗಳನ್ನು ನುಂಗಿತು, ಊರುಗಳು ಪುನರ್ವಸತಿ ಕೇಂದ್ರಗಳಿಗೆ ಎದ್ದು ಹೋದವು. ಮುಯ್ಯಿಗೆ ಬೇಕಾದದ್ದು ಬದುವಿನಾಚೆಯ ಗುರುತಿನ ಮನುಷ್ಯ. ಬದುವೇ ಮುಳುಗಿದ ಮೇಲೆ ಅವನನ್ನು ಎಲ್ಲಿ ಹುಡುಕುವುದು? ಒಣಬೇಸಾಯದ ಬಾದಾಮಿ, ಹುನಗುಂದಗಳಿಂದ ಮಂಗಳೂರಿಗೆ, ಗೋವಾಕ್ಕೆ ದುಡಿಯಲು ಹೋಗುವ ಬಸ್ಸುಗಳು ಇಂದಿಗೂ ತುಂಬಿ ಹೊರಡುತ್ತವೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಕಣದ ಹಂತಿ ಹೋಗಿ ಯಂತ್ರ ಬಂತು. ಬೆನ್ನುಮುರಿಯುವ ಕೆಲಸ ತಗ್ಗಿದ್ದು ಒಳ್ಳೆಯದೇ. ಆದರೆ ಮಳೆನೀರು, ಮಣ್ಣು ಹಿಡಿದಿಡಲು ಹೊಲಕ್ಕೆ ಒಡ್ಡು ಹಾಕಿ ಅದನ್ನು ಕಾಯುವ ಕೆಲಸಕ್ಕೆ ಯಂತ್ರ ಒಂದೇ ಸಾಲದು. ಹುನಗುಂದದ ಮಲ್ಲಣ್ಣ ನಾಗರಾಳರಂಥ ಒಣಬೇಸಾಯದ ಅನುಭವಿಗಳು ವರ್ಷಗಟ್ಟಲೆ ಹೇಳುತ್ತ ಬಂದದ್ದು ಇದನ್ನೇ: ಬಿದ್ದ ಮಳೆ ಬಿದ್ದ ಹೊಲದಲ್ಲೇ ಇಂಗಬೇಕು, ಹೆಚ್ಚಾದದ್ದು ಕಲ್ಲಿನ ಕೋಡಿ ದಾಟಿ ಮಣ್ಣನ್ನು ಹಿಂದೆ ಬಿಟ್ಟು ಹೋಗಬೇಕು. ಮೇಲಿನ ಹೊಲದವನ ಒಡ್ಡು ಒಡೆದರೆ ಕೆಳಗಿನವನ ಹೊಲವೂ ಕೊಚ್ಚಿಹೋಗುತ್ತದೆ. ಒಡ್ಡು ಹುಟ್ಟಿನಿಂದಲೇ ಕೂಡಿ ಮಾಡುವ ಕೆಲಸ.

ನನ್ನ ಕೋರಿಕೆ ಇಷ್ಟು. ಬಾಗಲಕೋಟೆ, ಇಳಕಲ್ಲ, ಬಾದಾಮಿಯ ಕಾಲೇಜುಗಳ ಸೇವಾ ಯೋಜನೆಯ ಶಿಬಿರಗಳಲ್ಲಿ ಒಂದಾದರೂ ಬೇಸಗೆಯಲ್ಲಿ, ರೋಹಿಣಿ ಮಳೆಗೆ ಮೊದಲು, ಒಡೆದ ಒಡ್ಡುಗಳ ಸಾಲಿನಲ್ಲಿ ನಡೆಯಲಿ. ಮೊದಲ ಸರದಿ ವಿಧವೆಯರ, ಒಂಟಿ ಮುದುಕರ, ಎರಡೆಕರೆಯ ದಲಿತ ಕುಟುಂಬಗಳ ಹೊಲಕ್ಕೆ ಸಿಗಲಿ. ಆ ಊರಿನಲ್ಲಿ ಉದ್ಯೋಗ ಖಾತರಿಯ ಕೆಲಸ ನಡೆದಿದ್ದರೆ ಅದಕ್ಕೆ ಅಡ್ಡ ಬರಬಾರದು. ಕೂಲಿಯವರ ದಿನವನ್ನು ಪುಕ್ಕಟೆ ದುಡಿಮೆ ಕಸಿದುಕೊಂಡರೆ ಅದಕ್ಕಿಂತ ಕೆಟ್ಟದ್ದಿಲ್ಲ. ಕಲ್ಲು ಹೊಂದಿಸುವುದು ಬಲ್ಲ ಊರಿನ ಹಿರಿಯರಿಗೆ ದಿನದ ಸಂಭಾವನೆ ಕೊಟ್ಟು ಗುರುವಿನ ಸ್ಥಾನದಲ್ಲಿ ನಿಲ್ಲಿಸಲಿ. ಶಿಬಿರದ ಮಕ್ಕಳು ಯಾರ ಹೊಲದಲ್ಲಿ ದುಡಿದರೋ ಆ ಮನೆಯವರು ಸುಗ್ಗಿಯ ಮೇಲೆ ಒಂದು ಸೇರು ಜೋಳವನ್ನು ಹಾಸ್ಟೆಲ್ಲಿನ ಅಡಿಗೆಮನೆಗೆ ಕಳಿಸಲಿ, ಆಗದಿದ್ದರೆ ಬೀಜವನ್ನಾದರೂ ಕೊಡಲಿ. ಬಂದವರ ಹೆಸರು, ಹೊಲದ ಹೆಸರು, ತಿರುಗಿ ಬಂದದ್ದು ಏನೆಂಬುದು ಎಲ್ಲವೂ ಒಂದು ವಹಿಯಲ್ಲಿರಲಿ, ಮರುವರ್ಷದ ಶಿಬಿರ ಆ ವಹಿ ಬಿಚ್ಚಿಯೇ ಶುರುವಾಗಲಿ.