ಪ್ರಯೋಗಶಾಲೆಯ ಬಾಗಿಲಿಗೆ ಒಂದು ಅರ್ಜಿ

ಒಂಬತ್ತನೆಯ ಇಯತ್ತೆಯಲ್ಲಿ ಓದುವ ಮಗಳು ಒಂದು ರಾತ್ರಿ ಊಟಕ್ಕೆ ಕುಳಿತಾಗ, “ಅಪ್ಪಾ, ರೋಗಗಳನ್ನು ಕುರಿತು ಶೋಧನೆ ನಡೆಸುವ ಪ್ರಯೋಗಶಾಲೆಯಲ್ಲಿ ರಜೆಯ ದಿನಗಳಲ್ಲಿ ಕೆಲಸ ಕಲಿಯಬೇಕೆಂದಿದ್ದೇನೆ. ಅರ್ಜಿ ಹಾಕಲೇ?” ಎಂದು ಕೇಳಿದಳೆನ್ನೋಣ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಮನೆಗಳಲ್ಲಿ ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಬರುವ ಸಂಭವವುಂಟು. “ಅದೆಲ್ಲ ನಮ್ಮಂಥವರಿಗಲ್ಲ” ಎಂಬುದೊಂದು. “ಎಷ್ಟು ಹಣವಾದರೂ ಕೊಟ್ಟು ಸೇರಿಸೋಣ” ಎಂಬುದು ಮತ್ತೊಂದು. ಈ ಎರಡೂ ಸರಿಯಲ್ಲವೆಂಬುದನ್ನು ತಾಯ್ತಂದೆಗಳ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

ಮೊದಲು ನಿಜಸ್ಥಿತಿಯನ್ನು ಅರಿಯುವುದೊಳ್ಳೆಯದು. ಇಂದು ಇಂಟರ್ನ್‌ಶಿಪ್ ಎಂದು ಕರೆಯುವುದನ್ನು ನಮ್ಮ ಹಿರಿಯರು ಉಮೇದುವಾರಿ ಎನ್ನುತ್ತಿದ್ದರು. ಬಲ್ಲವರ ಬಳಿಯಿದ್ದು ಕೆಲಸ ಕಲಿಯುವುದೆಂದೇ ಅದರ ಅರ್ಥ. ವೈದ್ಯಕೀಯ ಸಂಶೋಧನೆಯಲ್ಲಿ ಇಂತಹ ಅವಕಾಶಗಳು ಬಹುಮಟ್ಟಿಗೆ ಕಾಲೇಜಿನವರಿಗೆ ಮೀಸಲು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 1979ರಲ್ಲಿ ಆರಂಭಿಸಿದ ಅಲ್ಪಾವಧಿಯ ವಿದ್ಯಾರ್ಥಿವೇತನವು ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಏರ್ಪಟ್ಟುದು. ಹನ್ನೊಂದನೆಯ ತರಗತಿಯಿಂದಲೇ ವಿಜ್ಞಾನಾಸಕ್ತರನ್ನು ಆರಿಸುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯು 1999ರಲ್ಲಿ ಹುಟ್ಟಿ 2022ರಲ್ಲಿ ನಿಂತುಹೋಯಿತು. ಆದುದರಿಂದ ಹೈಸ್ಕೂಲಿನ ಮಗುವಿಗೆ ತೆರೆದಿರುವ ಬಾಗಿಲುಗಳು ಕೆಲವೇ.

ಇದಕ್ಕೆ ಕಾರಣವು ವಿಜ್ಞಾನಿಗಳ ಗರ್ವವಲ್ಲ. ರೋಗಾಣುಗಳಿರುವೆಡೆ ಸಣ್ಣ ತಪ್ಪಿನಿಂದ ದೊಡ್ಡ ಕೇಡಾಗಬಹುದು. ಇದಲ್ಲದೆ, ಮನುಷ್ಯರ ರಕ್ತವನ್ನಾಗಲಿ, ರೋಗಿಗಳ ವಿವರಗಳನ್ನಾಗಲಿ ಸಂಶೋಧನೆಗಾಗಿ ಸಂಗ್ರಹಿಸುವ ಮೊದಲು ನೈತಿಕ ಸಮಿತಿಯ ಅನುಮತಿಯೂ ಸಂಬಂಧಪಟ್ಟವರ ಒಪ್ಪಿಗೆಯೂ ಬೇಕು. ಹದಿನಾಲ್ಕು ವರ್ಷದ ಮಗುವನ್ನು ಅಲ್ಲಿಂದ ದೂರವಿಡುವುದು ಮಗುವಿನ ಹಿತಕ್ಕಾಗಿಯೇ.

ಹಾಗಾದರೆ ಆಸೆಯನ್ನು ಬಿಡಬೇಕೇ? ಸರ್ವಥಾ ಕೂಡದು. ಸಂಶೋಧನೆಯು ಪ್ರಯೋಗಶಾಲೆಯಲ್ಲಿ ಮುಗಿಯಬಹುದು. ಆದರೆ ಅಲ್ಲಿಯೇ ಹುಟ್ಟಬೇಕೆಂಬ ನಿಯಮವಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹಬ್ಬಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಅದು ಹಳದಿ ಜ್ವರವಿರಬಹುದೇ ಎಂದು ಮೊದಲು ಶಂಕಿಸಿ, ಕಡೆಗೆ ಉಣ್ಣಿಗಳಿಂದ ಹರಡುವ ಹೊಸ ವೈರಸ್ಸನ್ನು ಕಂಡುಹಿಡಿದರು. ಮಂಗ ಸತ್ತುದನ್ನೂ ಮನುಷ್ಯರಿಗೆ ಜ್ವರ ಬಂದುದನ್ನೂ ಒಟ್ಟಿಗೆ ನೋಡಿದುದೇ ಆ ಶೋಧಕ್ಕೆ ದಾರಿಯಾಯಿತು. ನಮ್ಮ ಜಿಲ್ಲೆಯ ಸಿದ್ದಾಪುರ ತಾಲೂಕಿನಲ್ಲಿ 2024ರಲ್ಲಿಯೂ ಈ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಕಾಡಂಚಿನವರ ಕಣ್ಣಿಗೆ ಇಂದಿಗೂ ಬೆಲೆಯುಂಟು.

ಇನ್ನೊಂದು ಉದಾಹರಣೆಯು ಇನ್ನೂ ಹಳೆಯದು. 1883ರಲ್ಲಿ ಬೆಂಗಳೂರಿನಲ್ಲಿದ್ದ ಸೇನಾವೈದ್ಯ ರೊನಾಲ್ಡ್ ರಾಸ್ ತನ್ನ ಬಂಗಲೆಯ ಬಳಿಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಹುಳುಗಳಿರುವುದನ್ನು ನೋಡಿ, ಅದನ್ನು ಬರಿದು ಮಾಡಿಸಿದಾಗ ಸೊಳ್ಳೆಗಳು ಕಡಿಮೆಯಾದುದನ್ನು ಗಮನಿಸಿದನು. ಮುಂದೆ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಜೀವಿಯನ್ನು ಕಂಡವನೂ, 1902ರಲ್ಲಿ ನೊಬೆಲ್ ಬಹುಮಾನ ಪಡೆದವನೂ ಈತನೇ.

ತೊಟ್ಟಿಯಿಲ್ಲದ ಮನೆ ನಮ್ಮಲ್ಲಿ ಯಾವುದು? ಅಂಗಳದ ಬಾನಿ, ಹಳೆಯ ಟೈರು, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಇವೆಲ್ಲವುಗಳಲ್ಲಿ ಮಳೆಯ ನೀರು ನಿಲ್ಲುವುದು. ಮಗುವು ವಾರಕ್ಕೊಮ್ಮೆ ಗೊತ್ತಾದ ದಿನ ಇವನ್ನು ನೋಡಿ, ಎಷ್ಟರಲ್ಲಿ ನೀರಿತ್ತು, ಎಷ್ಟರಲ್ಲಿ ಮರಿಹುಳುಗಳಿದ್ದವು, ಮಳೆ ಬಂದಿತ್ತೇ ಎಂದು ತಾರೀಖು ಸಹಿತ ಬರೆದಿಡಲಿ. ಮಲೇರಿಯ ಹರಡುವ ಅನಾಫಿಲಿಸ್ ಜಾತಿಯ ಹುಳು ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುವುದು. ಡೆಂಗೆ ಹರಡುವ ಈಡಿಸ್ ಜಾತಿಯದು ತಲೆಕೆಳಗಾಗಿ ಓರೆಯಾಗಿ ತೂಗುವುದು. ಬರಿಗಣ್ಣಿಗೇ ಕಾಣುವ ಭೇದವಿದು. ನೋಡಿದ ಕೂಡಲೇ ನೀರನ್ನು ಚೆಲ್ಲತಕ್ಕುದು. ಲೆಕ್ಕಕ್ಕಾಗಿ ಸೊಳ್ಳೆಯನ್ನು ಸಾಕಬಾರದು. ಸತ್ತ ಮಂಗವನ್ನು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಉಣ್ಣಿಗಳನ್ನು ಹಿಡಿಯುವುದೂ ನೆರೆಯವರ ಕಾಯಿಲೆಯನ್ನು ಹೆಸರು ಸಹಿತ ಬರೆಯುವುದೂ ಕೂಡದು.

ಎರಡು ತಿಂಗಳ ಇಂತಹ ವಹಿಯೊಂದು ಕೈಯಲ್ಲಿದ್ದರೆ ಬಾಗಿಲು ತಟ್ಟುವ ಹಕ್ಕು ಬಂದಂತೆಯೇ ಸರಿ. ಮೊದಲ ಬಾಗಿಲು ಶಾಲೆಯದೇ. 1993ರಿಂದ ನಡೆದುಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು ಹತ್ತರಿಂದ ಹದಿನೇಳು ವರ್ಷದವರಿಗಾಗಿ ಇರುವುದು. ಶಿಕ್ಷಕರೊಬ್ಬರ ಮಾರ್ಗದರ್ಶನದಲ್ಲಿ ತಮ್ಮ ಊರಿನದೇ ಸಮಸ್ಯೆಯನ್ನು ಅಭ್ಯಸಿಸುವುದು ಅದರ ಕ್ರಮ. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಮುಖ್ಯೋಪಾಧ್ಯಾಯರು ಮಕ್ಕಳ ಹೊಸ ವಿಚಾರಗಳನ್ನು ಕಳುಹಿಸುವರು. ಆಯ್ಕೆಯಾದ ಮಗುವಿಗೆ 10,000 ರೂಪಾಯಿ ದೊರೆಯುವುದು. ಅನಂತರವೇ ಹೊರಗಿನ ಸಂಸ್ಥೆಗಳಿಗೆ ಪತ್ರ. ಹುಬ್ಬಳ್ಳಿ, ಧಾರವಾಡ, ಕಾರವಾರಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಬೆಳಗಾವಿಯಲ್ಲಿ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಪಾರಂಪರಿಕ ವೈದ್ಯ ಸಂಸ್ಥೆಯಿದೆ. ಇಂತಹ ಕಡೆ ತಿಂಗಳ ಉಮೇದುವಾರಿಯನ್ನೇ ಕೇಳಬೇಕೆಂದಿಲ್ಲ. ಒಂದು ದಿನದ ಭೇಟಿ, ಒಂದು ಗಂಟೆಯ ಮಾತುಕತೆ ದೊರೆತರೂ ಲಾಭವೇ.

ಪತ್ರವು ಒಂದು ಪುಟವನ್ನು ಮೀರದಿರಲಿ. ಅದರ ಹೂರಣವು ಇಷ್ಟಿದ್ದರೆ ಸಾಕು:

“ನಾನು ಜೋಯಿಡಾ ತಾಲೂಕಿನ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೇನೆ. ಎಂಟು ವಾರ ನಮ್ಮ ಮನೆಯ ಹಾಗೂ ತೋಟದ ನೀರಿನ ಪಾತ್ರೆಗಳನ್ನು ನೋಡಿ ಲೆಕ್ಕವಿಟ್ಟಿದ್ದೇನೆ. ಮಳೆ ನಿಂತ ಮೇಲೂ ಅಡಿಕೆ ಹಾಳೆಗಳಲ್ಲಿ ಮರಿಹುಳುಗಳು ಉಳಿದುದೇಕೆಂದು ನನಗೆ ತಿಳಿಯಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಅವುಗಳ ಜಾತಿಯನ್ನು ಗುರುತಿಸುವುದನ್ನು ಕಲಿಯಲು ಅವಕಾಶ ದೊರೆಯಬಹುದೇ? ತಂದೆಯವರ ಒಪ್ಪಿಗೆಯನ್ನೂ ಶಿಕ್ಷಕರ ಪತ್ರವನ್ನೂ ಇದರೊಡನೆ ಇಟ್ಟಿದ್ದೇನೆ.”

ಇಲ್ಲಿ “ಲೋಕಸೇವೆಯೇ ನನ್ನ ಗುರಿ” ಎಂಬಂತಹ ದೊಡ್ಡ ಮಾತಿಲ್ಲ. ಮಾಡಿದ ಕೆಲಸವಿದೆ, ತಿಳಿಯದುದರ ಒಪ್ಪಿಗೆಯಿದೆ. ಓದುವವರು ಮೆಚ್ಚುವುದು ಇದನ್ನೇ. ಬೇರೆಯವರಿಂದಾಗಲಿ ಯಂತ್ರದಿಂದಾಗಲಿ ಬರೆಯಿಸಿದ ಅಲಂಕಾರದ ಪತ್ರವು ಎರಡನೆಯ ಪ್ರಶ್ನೆಗೇ ಬಣ್ಣಗೆಡುವುದು.

“ನಮ್ಮದು ಕನ್ನಡ ಶಾಲೆ” ಎಂದು ಮಕ್ಕಳು ಕುಗ್ಗಬೇಕಾದುದಿಲ್ಲ. ಮುಂಡಗೋಡದ ಟಿಬೆಟನ್ ವಸತಿಯ ಮಠಗಳಲ್ಲಿ ಅಮೆರಿಕೆಯ ಎಮರಿ ವಿಶ್ವವಿದ್ಯಾಲಯದ ಸಹಕಾರದಿಂದ ಭಿಕ್ಷುಗಳಿಗೆ ಜೀವಶಾಸ್ತ್ರವನ್ನು ಕಲಿಸಲಾಗಿದೆ. ಅದಕ್ಕಾಗಿ ಟಿಬೆಟನ್ ಭಾಷೆಯಲ್ಲಿಯೂ ಪುಸ್ತಕಗಳಾಗಿವೆ. ಮೊದಲು ತಾಯ್ನುಡಿಯಲ್ಲಿ ಯೋಚಿಸಿ, ಬಳಿಕ ಶಿಕ್ಷಕರ ನೆರವಿನಿಂದ ಸರಳ ಇಂಗ್ಲಿಷಿನಲ್ಲಿ ಬರೆದರಾಯಿತು.

ಕೊನೆಯದಾಗಿ ತಾಯ್ತಂದೆಗಳಿಗೆ ಒಂದು ಮಾತು. ಒಪ್ಪಿಗೆಯ ಉತ್ತರ ಬಂದರೆ, ಮಗುವಿನ ಹೊಣೆ ಹೊರುವವರಾರು, ಉಳಿಯುವುದೆಲ್ಲಿ, ಯಾವ ವಸ್ತುಗಳನ್ನು ಮುಟ್ಟಬೇಕಾಗುವುದು ಎಂಬುದನ್ನು ಬರಹದಲ್ಲಿ ಕೇಳಿ ತಿಳಿಯಿರಿ. ಕೇಳಲು ಸಂಕೋಚ ಬೇಡ. ಒಳ್ಳೆಯ ಸಂಸ್ಥೆಗೆ ಈ ಪ್ರಶ್ನೆಗಳಿಂದ ಬೇಸರವಾಗದು. ಕೆಲಸ ಕಲಿಸದೆ ಹಣ ಪಡೆದು ಪ್ರಮಾಣಪತ್ರ ಮಾತ್ರ ಕೊಡುವವರಿಂದ ದೂರವಿರಿ. ಸಾಲ ಮಾಡಿ ಕೊಂಡ ಆ ಕಾಗದದಿಂದ ವಿದ್ಯೆ ಬಾರದು.

ಉತ್ತರವೇ ಬಾರದಿದ್ದರೆ? ಮಗಳು ಒಂದೆರಡು ದಿನ ಮುಖ ಬಾಡಿಸಿಕೊಂಡಾಳು. ಆಗ ಅವಳ ವಹಿಯನ್ನು ಕೈಗೆತ್ತಿಕೊಂಡು, “ಈ ವಾರ ಬಾನಿಯಲ್ಲಿ ಎಷ್ಟು ಹುಳುಗಳಿದ್ದವು, ಮಗಳೇ?” ಎಂದು ಕೇಳಿರಿ. ಬಾನಿಯನ್ನು ವಾರಕ್ಕೊಮ್ಮೆ ಬರಿದು ಮಾಡಿದ ಮನೆಯಲ್ಲಿ ಸೊಳ್ಳೆಗಳು ಕಡಿಮೆಯಾಗಿರುವುವು. ಅವಳ ಶೋಧನೆಯ ಮೊದಲ ಫಲವು ಅದಾಗಲೇ ಮನೆಯವರಿಗೆ ದೊರೆತಿರುವುದು. ಮುಂದಿನ ವರ್ಷ ಅದೇ ವಹಿಯನ್ನು ಹಿಡಿದು ಅವಳು ಇನ್ನೊಂದು ಪತ್ರವನ್ನು ಬರೆಯಲಿ.