ಲಕ್ಷ ಕೋಟಿಯಲ್ಲೊಂದು ಪಾಲಿನ ಅಪರಾಧ

2010ರ ಜುಲೈ 21, ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯದ ವಿಶ್ರಾಂತಿ ದಿನ. ಪೋ ಪಟ್ಟಣದಲ್ಲಿ ತಂಗಿದ್ದ ಸ್ಪೇನಿನ ಸವಾರ ಆಲ್ಬರ್ಟೊ ಕಾಂಟಡೋರ್‌ನ ಮೂತ್ರದ ಮಾದರಿಯನ್ನು ಪರೀಕ್ಷೆಗೆಂದು ಪಡೆಯಲಾಯಿತು. ನಾಲ್ಕು ದಿನಗಳ ಬಳಿಕ ಆತ ಹಳದಿ ಅಂಗಿ ತೊಟ್ಟು ಪ್ಯಾರಿಸ್ ತಲುಪಿದ. ಅದು ಆತನ ಮೂರನೆಯ ಗೆಲುವು. ಆಮೇಲೆ ಜರ್ಮನಿಯ ಕೊಲೋನ್ ಪ್ರಯೋಗಾಲಯದ ವರದಿ ಬಂತು: ಮಿಲಿಲೀಟರಿಗೆ 50 ಪಿಕೋಗ್ರಾಂ ಕ್ಲೆನ್‌ಬುಟೆರಾಲ್.

ಪಿಕೋಗ್ರಾಂ ಎಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. ಮಾನ್ಯತೆ ಪಡೆದ ಪ್ರಯೋಗಾಲಯಗಳು ಕಡೇಪಕ್ಷ ಇಷ್ಟನ್ನಾದರೂ ಪತ್ತೆ ಹಚ್ಚಬೇಕೆಂದು ಆಗ ಗೊತ್ತುಮಾಡಿದ್ದ ಪ್ರಮಾಣಕ್ಕಿಂತ ಇದು ನಲವತ್ತು ಪಟ್ಟು ಕಡಿಮೆ. ಕೊಲೋನ್‌ನ ಯಂತ್ರಗಳು ಅಷ್ಟು ಸೂಕ್ಷ್ಮವಾಗಿದ್ದುದೂ ಒಂದು ರೀತಿಯಲ್ಲಿ ಆತನ ದುರದೃಷ್ಟವೇ.

ಕ್ಲೆನ್‌ಬುಟೆರಾಲ್ ಮೂಲತಃ ಉಬ್ಬಸದ ಔಷಧ. ಅದು ಕೊಬ್ಬನ್ನು ಕರಗಿಸಿ ಮಾಂಸಖಂಡವನ್ನು ಬೆಳೆಸುತ್ತದೆಂದು ಕ್ರೀಡಾಪಟುಗಳೂ ದನ ಸಾಕುವವರೂ ಕಂಡುಕೊಂಡರು. ದನಗಳನ್ನು ಕೊಬ್ಬಿಸಲು ಅದನ್ನು ಬಳಸುವುದನ್ನು ಯುರೋಪ್ ಒಕ್ಕೂಟ 1996ರಲ್ಲಿ ನಿಷೇಧಿಸಿತು. ಸ್ಪೇನಿನ ಇರೂನ್‌ನಿಂದ ತರಿಸಿ ತಿಂದ ಗೋಮಾಂಸದಿಂದ ಅದು ದೇಹ ಸೇರಿತೆಂಬುದು ಕಾಂಟಡೋರ್‌ನ ವಾದ. ಹಿಂದೆ ತೆಗೆದಿರಿಸಿದ್ದ ತನ್ನದೇ ರಕ್ತವನ್ನು ಮತ್ತೆ ಏರಿಸಿಕೊಂಡಾಗ ಬಂದಿರಬಹುದೆಂಬುದು ಎದುರಾಳಿಗಳ ಶಂಕೆ.

ಇಲ್ಲಿ ನಿಯಮವನ್ನು ತುಸು ನೋಡಬೇಕು. ಸಾಮಾನ್ಯ ನ್ಯಾಯಾಲಯದಲ್ಲಿ ತಪ್ಪನ್ನು ಆರೋಪ ಹೊರಿಸಿದವನು ಸಾಬೀತುಪಡಿಸಬೇಕು. ಉದ್ದೀಪನ ಮದ್ದಿನ ಕಾನೂನಿನಲ್ಲಿ ಹಾಗಲ್ಲ. ಮದ್ದು ದೇಹದಲ್ಲಿ ಸಿಕ್ಕಿತೆಂದರೆ ತಪ್ಪು ಸಿದ್ಧವಾದಂತೆ. ಅದು ಹೇಗೆ ಬಂತೆಂದು ತೋರಿಸುವ ಹೊಣೆ ಆಟಗಾರನದು. ತಿಂದು ಅರಗಿದ ಮಾಂಸವನ್ನು ಸಾಕ್ಷಿಗೆ ಎಲ್ಲಿಂದ ತರುವುದು?

ಸ್ಪೇನಿನ ಸೈಕ್ಲಿಂಗ್ ಒಕ್ಕೂಟ 2011ರ ಫೆಬ್ರುವರಿಯಲ್ಲಿ ಆತನನ್ನು ಖುಲಾಸೆ ಮಾಡಿತು. ತಮ್ಮ ದೇಶದವನೆಂಬ ಮಮಕಾರ ಅದರಲ್ಲಿ ಇದ್ದಿರಲೂ ಬಹುದು. ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಮತ್ತು ವಾಡಾ ಮೇಲ್ಮನವಿ ಸಲ್ಲಿಸಿದವು. 2012ರ ಫೆಬ್ರುವರಿ 6ರಂದು ಲೊಸಾನ್‌ನ ಕ್ರೀಡಾ ಪಂಚಾಯ್ತಿ ನ್ಯಾಯಾಲಯ ಕೊಟ್ಟ ತೀರ್ಪು ವಿಚಿತ್ರವಾದದ್ದು. ಮಾಂಸದ ಕಥೆಯೂ ರಕ್ತದ ಕಥೆಯೂ ಸಂಭವನೀಯವಲ್ಲ, ಕಲುಷಿತ ಆಹಾರಪೂರಕದಿಂದ ಬಂದಿರುವ ಸಾಧ್ಯತೆಯೇ ಹೆಚ್ಚು ಎಂದಿತು. ಬೇಕೆಂದೇ ಮದ್ದು ಸೇವಿಸಿದನೆಂದು ಹೇಳಲಿಲ್ಲ. ಆದರೂ ಎರಡು ವರ್ಷ ನಿಷೇಧ. 2010ರ ಟೂರ್ ಪ್ರಶಸ್ತಿ ಲಕ್ಸೆಂಬರ್ಗಿನ ಆಂಡಿ ಶ್ಲೆಕ್‌ಗೆ ಹೋಯಿತು. 2011ರಲ್ಲಿ ಗೆದ್ದಿದ್ದ ಇಟಲಿಯ ಜಿರೊ ಪ್ರಶಸ್ತಿಯೂ ಕೈಬಿಟ್ಟಿತು.

ಕಾಂಟಡೋರ್ ಸಂತನೆಂದು ಸಾಧಿಸುವುದು ಈ ಲೇಖಕನ ಉದ್ದೇಶವಲ್ಲ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ಏಳು ಪ್ರಶಸ್ತಿಗಳು ಅದೇ 2012ರಲ್ಲಿ ರದ್ದಾದವು. ಅಂಥ ಕಾಲದಲ್ಲಿ ಪ್ರತಿ ಸವಾರನ ಮೇಲೂ ಅನುಮಾನ ಸಹಜ. ಆದರೆ ಆತನ ವಿರುದ್ಧ ಸಾಬೀತಾದದ್ದು 50 ಪಿಕೋಗ್ರಾಂ ಮಾತ್ರ, ಅದರ ಹಿಂದಿನ ಮೋಸವಲ್ಲ.

2011ರಲ್ಲಿ ಮೆಕ್ಸಿಕೊದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ ಫುಟ್ಬಾಲಿನಲ್ಲಿ 208 ಮಾದರಿಗಳ ಪೈಕಿ 109ರಲ್ಲಿ ಇದೇ ಮದ್ದು ಸಿಕ್ಕಿತ್ತು. ಅಲ್ಲಿನ ಮಾಂಸವೇ ಕಾರಣವೆಂದು ಒಪ್ಪಿ ಯಾರನ್ನೂ ಶಿಕ್ಷಿಸಲಿಲ್ಲ. ತಂಡಕ್ಕೆ ತಂಡವೇ ಸಿಕ್ಕಿಬಿದ್ದರೆ ನಂಬುತ್ತಾರೆ, ಒಬ್ಬನೇ ಸಿಕ್ಕಿಬಿದ್ದರೆ ಅವನ ಮಾತು ಕಥೆಯಾಗುತ್ತದೆ!

ಕೊನೆಗೆ ವಾಡಾ ಕೂಡ ಬದಲಾಯಿತು. 2021ರ ನಿಯಮದಂತೆ ಕ್ಲೆನ್‌ಬುಟೆರಾಲ್ ಮಿಲಿಲೀಟರಿಗೆ 5 ನ್ಯಾನೋಗ್ರಾಂ ಮೀರದಿದ್ದರೆ ಅದನ್ನು ನೇರವಾಗಿ ತಪ್ಪೆಂದು ದಾಖಲಿಸದೆ, ಮಾಂಸದಿಂದ ಬಂದಿರಬಹುದೇ ಎಂದು ಮೊದಲು ವಿಚಾರಿಸಬೇಕು. ಕಾಂಟಡೋರ್‌ನಲ್ಲಿ ಸಿಕ್ಕಿದ್ದು ಈ ಮಿತಿಯ ನೂರರಲ್ಲೊಂದು ಪಾಲು. ನಿಯಮ ಬರುವಷ್ಟರಲ್ಲಿ ಆತ ನಿವೃತ್ತನಾಗಿ ನಾಲ್ಕು ವರ್ಷ ಕಳೆದಿತ್ತು.