ಕೊಬ್ಬು, ಮೂಳೆ, ಆಯುಷ್ಯ: ಒಂದೇ ಗುಂಡಿಯ ಹಲವು ಪರಿಣಾಮ

ವಯಸ್ಸಾದಂತೆ ದೇಹದ ಕೊಬ್ಬು ಜಾಗ ಬದಲಿಸುತ್ತದೆ. ಚರ್ಮದಡಿಯ ಪದರ ತೆಳುವಾಗಿ, ಹೊಟ್ಟೆಯೊಳಗೂ ಯಕೃತ್ತಿನಲ್ಲೂ ಶೇಖರಣೆ ಹೆಚ್ಚುತ್ತದೆ. ಇನ್ಸುಲಿನ್‌ಗೆ ಜೀವಕೋಶಗಳ ಸ್ಪಂದನೆ ಮಂದವಾಗುತ್ತದೆ. ಈ ಬದಲಾವಣೆಯಲ್ಲಿ ನ್ಯೂಕ್ಲಿಯರ್ ರಿಸೆಪ್ಟರ್ ಎಂಬ ಪ್ರೋಟೀನ್‌ಗಳ ಪಾತ್ರ ದೊಡ್ಡದು. ಮನುಷ್ಯರಲ್ಲಿ ಇಂಥವು 48. ಹಾರ್ಮೋನು, ಕೊಬ್ಬಿನಾಮ್ಲ, ಪಿತ್ತಾಮ್ಲಗಳಂಥ ಸಣ್ಣ ಅಣುಗಳು ಕೂಡಿಕೊಂಡಾಗ ಇವುಗಳಲ್ಲಿ ಅನೇಕವು ವಂಶವಾಹಿಗಳನ್ನು ಗುಂಪುಗುಂಪಾಗಿ ಚುರುಕುಗೊಳಿಸುತ್ತವೆ, ಇಲ್ಲವೆ ತಡೆಯುತ್ತವೆ. ಉಂಡದ್ದನ್ನು ಉರಿಸಬೇಕೆ, ಕೂಡಿಡಬೇಕೆ ಎಂಬುದು ಬಹುಮಟ್ಟಿಗೆ ಇಲ್ಲಿ ನಿರ್ಧಾರವಾಗುತ್ತದೆ.

ಹುಳುವಿನಿಂದ ಇಲಿಗೆ

ಈ ರಿಸೆಪ್ಟರ್‌ಗಳಿಗೂ ಆಯುಷ್ಯಕ್ಕೂ ಇರುವ ನಂಟು ಮೊದಲು ಸ್ಪಷ್ಟವಾದದ್ದು ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಲ್ಲಿ. ಅದರ ಸಂತಾನಕೋಶಗಳನ್ನು ಎಳವೆಯಲ್ಲೇ ನಾಶಮಾಡಿದರೆ ಆಯುಷ್ಯ ಸುಮಾರು ಶೇ 60ರಷ್ಟು ಹೆಚ್ಚುತ್ತದೆ. ಆದರೆ ಡಿಎಎಫ್-12 ಎಂಬ ರಿಸೆಪ್ಟರ್ ಇಲ್ಲದ ಹುಳುವಿಗೆ ಈ ಲಾಭ ದಕ್ಕುವುದಿಲ್ಲ ಎಂದು 1999ರ ಪ್ರಯೋಗಗಳು ತೋರಿಸಿದವು. ಇಲಿಗಳ ಕಥೆ ಇಷ್ಟು ನೇರವಲ್ಲ. ಕೊಬ್ಬಿನ ಶೇಖರಣೆಯನ್ನು ನಡೆಸುವ ಪಿಪಿಎಆರ್-ಗಾಮಾ ಎಂಬ ರಿಸೆಪ್ಟರ್‌ನ ಚಟುವಟಿಕೆ ತುಸು ತಗ್ಗಿದ ರೂಪಾಂತರವುಳ್ಳ ಇಲಿಗಳು ಹೆಚ್ಚು ಕಾಲ ಬದುಕಿದವು. ಅದರ ಒಂದು ಬಗೆಯನ್ನೇ ಕಳೆದುಕೊಂಡವುಗಳ ಆಯುಷ್ಯ ಕುಗ್ಗಿತು. ಹೆಚ್ಚಿಸಿದರೆ ಲಾಭವೆ, ಇಳಿಸಿದರೆ ಲಾಭವೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ.

ಮಾತ್ರೆಗಳ ಅನುಭವ

ಮನುಷ್ಯರ ಮೇಲಿನ ಸಾಕ್ಷ್ಯ ಮಾತ್ರ ಹಳೆಯದು. ದೀರ್ಘಾಯುಷ್ಯದ ಉತ್ಸಾಹಿಗಳು ಅದನ್ನು ಅಪರೂಪಕ್ಕೆ ನೆನೆಯುತ್ತಾರೆ. ಪಿಪಿಎಆರ್-ಆಲ್ಫಾ ಎಂಬ ಇನ್ನೊಂದು ರಿಸೆಪ್ಟರ್ ಮೂಲಕ ಕೆಲಸ ಮಾಡುವ ಕ್ಲೋಫೈಬ್ರೇಟ್ ಕೊಲೆಸ್ಟರಾಲ್ ಇಳಿಸಿತು, ಮಾರಕವಲ್ಲದ ಹೃದಯಾಘಾತಗಳನ್ನೂ ಕಡಿಮೆ ಮಾಡಿತು. ಆದರೆ 1978ರಲ್ಲಿ ಪ್ರಕಟವಾದ ಯುರೋಪಿನ ದೊಡ್ಡ ಪರೀಕ್ಷೆಯಲ್ಲಿ ಅದನ್ನು ಸೇವಿಸಿದವರಲ್ಲೇ ಒಟ್ಟು ಸಾವು ಹೆಚ್ಚಿತ್ತು. ಗಾಮಾವನ್ನು ಪ್ರಚೋದಿಸುವ ಮಧುಮೇಹದ ಔಷಧಗಳಲ್ಲಿ ಟ್ರೊಗ್ಲಿಟಾಜೋನ್ ಯಕೃತ್ತಿನ ಹಾನಿಯಿಂದ 2000ದಲ್ಲಿ ಅಮೆರಿಕದ ಮಾರುಕಟ್ಟೆ ಬಿಟ್ಟಿತು. ರೋಸಿಗ್ಲಿಟಾಜೋನನ್ನು ಭಾರತ 2010ರಲ್ಲಿ ನಿಷೇಧಿಸಿತು. ಪಯೋಗ್ಲಿಟಾಜೋನ್ ಮಾರಾಟವನ್ನು 2013ರ ಜೂನ್‌ನಲ್ಲಿ ತಡೆಹಿಡಿದು, ಜುಲೈ ಕೊನೆಗೆ ಎಚ್ಚರಿಕೆಯ ಚೀಟಿಯೊಂದಿಗೆ ಮತ್ತೆ ಬಿಡಲಾಯಿತು.

ಲಾಭದ ಬದಿಯ ಲೆಕ್ಕವನ್ನೂ ಮರೆಮಾಚುವಂತಿಲ್ಲ. ಪಾರ್ಶ್ವವಾಯುವಿಗೆ ತುತ್ತಾದ, ಮಧುಮೇಹವಿಲ್ಲದಿದ್ದರೂ ಇನ್ಸುಲಿನ್ ಪ್ರತಿರೋಧವಿದ್ದ 3,876 ಜನರಿಗೆ ಪಯೋಗ್ಲಿಟಾಜೋನ್ ಅಥವಾ ಹುಸಿ ಮಾತ್ರೆ ಕೊಟ್ಟ ಪರೀಕ್ಷೆಯ ಫಲಿತಾಂಶ 2016ರಲ್ಲಿ ಬಂತು. ಮತ್ತೆ ಪಾರ್ಶ್ವವಾಯು ಇಲ್ಲವೆ ಹೃದಯಾಘಾತವಾದವರು ಹುಸಿ ಮಾತ್ರೆಯ ಗುಂಪಿನಲ್ಲಿ ಶೇ 11.8, ಔಷಧದ ಗುಂಪಿನಲ್ಲಿ ಶೇ 9. ಆದರೆ ಆಸ್ಪತ್ರೆ ಸೇರುವಷ್ಟು ಅಥವಾ ಶಸ್ತ್ರಚಿಕಿತ್ಸೆ ಬೇಕಾಗುವಷ್ಟು ಮೂಳೆ ಮುರಿತ ಶೇ 3.2ರಿಂದ 5.1ಕ್ಕೆ ಏರಿತು. ಒಟ್ಟು ಸಾವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮುರಿತ ಹೆಚ್ಚಿದ್ದರ ಕಾರಣ ಊಹಿಸಲಾಗದ್ದೇನಲ್ಲ: ಮೂಳೆಮಜ್ಜೆಯ ಕಾಂಡಕೋಶ ಮೂಳೆಕೋಶವಾಗುವ ಬದಲು ಕೊಬ್ಬುಕೋಶವಾಗುವಂತೆ ಮಾಡುವುದೂ ಇದೇ ಗಾಮಾ.

ಅಳೆಯುವುದು ಯಾವುದನ್ನು?

ಹಳೆಯ ಔಷಧಗಳು ರಿಸೆಪ್ಟರನ್ನು ಪೂರ್ಣ ಬಲದಿಂದ ಒತ್ತಿದವು, ಆಯ್ದು ಕೆಲಸ ಮಾಡುವ ಹೊಸ ಅಣುಗಳು ಹಾಗಲ್ಲ ಎಂಬುದು ಸಮರ್ಥಕರ ವಾದ. ಅದರಲ್ಲಿ ಹುರುಳಿದೆ. ಆದರೂ ಎಪ್ಪತ್ತು ದಾಟಿದವರಿಗೆ ಸೊಂಟದ ಮುರಿತವೆಂದರೆ ಎಷ್ಟೋ ಬಾರಿ ಹಾಸಿಗೆಯೇ ಗತಿ. ರಕ್ತಪರೀಕ್ಷೆಯ ಸುಧಾರಣೆಯನ್ನಷ್ಟೇ ಆಯುಷ್ಯವೆಂದು ಎಣಿಸುವುದು ಅವಸರವಾದೀತು. ಒಟ್ಟು ಸಾವು, ಮುರಿತ, ಸ್ವತಂತ್ರವಾಗಿ ನಡೆದಾಡುವ ವರ್ಷಗಳು ಈ ಮೂರನ್ನೂ ಒಟ್ಟಿಗೆ ಅಳೆಯುವ ಪರೀಕ್ಷೆ ಬೇಕು. ಅದು ದುಬಾರಿ, ದೀರ್ಘಾವಧಿಯದು. ಅಂಥ ಪರೀಕ್ಷೆ ಮುಗಿಯುವವರೆಗೆ ಆರೋಗ್ಯವಂತರು ಈ ಮಾತ್ರೆಗಳನ್ನು ಆಯುಷ್ಯಕ್ಕಾಗಿ ನುಂಗಲು ಕಾರಣವಿಲ್ಲ.